ಬಿಕ್ಕಟ್ಟಿನ ಕಾಲದಲ್ಲಿ ಸಮಕಾಲೀನ ನೃತ್ಯವನ್ನು ಉಳಿಸಿಡುವುದು ಹೇಗೆ: ತಂಡಗಳಿಗೊಂದು ಕೈಪಿಡಿ

ಜರ್ಮನಿಯ ನೃತ್ಯ ಸಂಯೋಜಕ ಕುರ್ಟ್ ಯೋಸ್ ಅವರ ನೃತ್ಯಕೃತಿ ‘ಹಸಿರು ಮೇಜು’ 1932ರ ಜುಲೈ 3ರಂದು ಪ್ಯಾರಿಸ್ಸಿನಲ್ಲಿ ರಂಗವೇರಿ, ಅಲ್ಲಿನ ನೃತ್ಯ ಸಂಯೋಜನೆಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆಯಿತು. ಹಸಿರು ಬಟ್ಟೆ ಹೊದಿಸಿದ ಮೇಜಿನ ಸುತ್ತ ಮುಖವಾಡ ತೊಟ್ಟ ಹತ್ತು ಮಂದಿ ಕರಿಕೋಟಿನವರು ಮರ್ಯಾದಸ್ಥರಂತೆ ಮಾತುಕತೆ ನಡೆಸುತ್ತಲೇ ಯುದ್ಧ ತಂದಿಡುವ ಕೃತಿ ಅದು. ಮರುವರ್ಷ ಜರ್ಮನಿಯಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ತಂಡದಲ್ಲಿದ್ದ ಯಹೂದಿಗಳನ್ನು ಹೊರಗೆ ಹಾಕಬೇಕೆಂಬ ಒತ್ತಡ ಶುರುವಾಯಿತು. ಯೋಸ್ ಒಪ್ಪಲಿಲ್ಲ. ತಂಡವನ್ನು ಕಟ್ಟಿಕೊಂಡು ದೇಶ ಬಿಟ್ಟು, ಇಂಗ್ಲೆಂಡಿನ ಡಾರ್ಟಿಂಗ್ಟನ್ನಿನಲ್ಲಿ ನೆಲೆ ಕಂಡುಕೊಂಡರು. ಆ ದಶಕದ ಕೊನೆಯಲ್ಲಿ ಅಲ್ಲಿನ ವಿದ್ಯಾರ್ಥಿನಿ ಆ್ಯನ್ ಹಚಿನ್‌ಸನ್ ಇಡೀ ಕೃತಿಯನ್ನು, ಚಲನೆಯನ್ನು ಚಿಹ್ನೆಗಳಲ್ಲಿ ಬರೆಯುವ ಲಾಬಾನ್ ಲಿಪಿಯಲ್ಲಿ ಬರೆದಿಟ್ಟರು. ಕೃತಿ ಈಗಲೂ ಆಡುತ್ತಿದೆ.

ಅದೇ ತಂಡದ ಎರ್ನ್‌ಸ್ಟ್ ಊಥೋಫ್, ಲೋಲಾ ಬೊಟ್ಕಾ, ರುಡಾಲ್ಫ್ ಪೆಶ್ಟ್ 1941ರಲ್ಲಿ ಚಿಲಿಯ ಸಾಂಟಿಯಾಗೊದಲ್ಲಿ ಉಳಿದುಕೊಂಡು ನೃತ್ಯಶಾಲೆ ಕಟ್ಟಿದರು. ಆ ಪರಂಪರೆಯಲ್ಲಿ ಬೆಳೆದ ಪಟ್ರೀಸಿಯೊ ಬುನ್‌ಸ್ಟರ್ 1973ರ ಸೇನಾ ದಂಗೆಯ ನಂತರ ಪೂರ್ವ ಜರ್ಮನಿಗೆ ಗಡಿಪಾರಾಗಿ ಹೋಗಿ, 1985ರಲ್ಲಿ ಮರಳಿ, ನರ್ತಕಿ ಜೋನ್ ಹಾರಾ ಅವರೊಂದಿಗೆ ‘ಎಸ್ಪಿರಾಲ್’ ನೃತ್ಯ ಕೇಂದ್ರ ತೆರೆದರು. ಜರ್ಮನಿಯಿಂದ ಓಡಿಬಂದ ನಡಿಗೆ, ತಿರುವು, ಭಾರದ ಲೆಕ್ಕಾಚಾರಗಳು ಒಂದು ಸಾಗರ ದಾಟಿ, ಇನ್ನೊಂದು ಸರ್ವಾಧಿಕಾರವನ್ನೂ ದಾಟಿದವು. ದಾಟಿಸಿದ್ದು ಕಲಿತ ದೇಹಗಳು ಮತ್ತು ಬರೆದ ಕಾಗದ.

ಈ ಕೈಪಿಡಿ ಐದರಿಂದ ಹದಿನೈದು ಮಂದಿಯ ಸಣ್ಣ ತಂಡಗಳಿಗೆ. ಕಚೇರಿಗೆ ಬೀಗ ಬೀಳಬಹುದು, ಯಾರಾದರೂ ರಾತ್ರೋರಾತ್ರಿ ಊರು ಬಿಡಬೇಕಾಗಬಹುದು, ಇಂಟರ್ನೆಟ್ ನಿಲ್ಲಬಹುದು ಎಂಬ ಲೆಕ್ಕದಲ್ಲಿ ಬರೆದದ್ದು. ಎರಡು ಮಾತನ್ನು ಮೊದಲೇ ಹೇಳಿಬಿಡಬೇಕು. ‘ಏನಾಯಿತು’ ಎಂದು ತೋರಿಸುವ ದಾಖಲೆ ಬೇರೆ, ‘ಮತ್ತೆ ಮಾಡುವುದು ಹೇಗೆ’ ಎಂದು ಹೇಳುವ ದಾಖಲೆ ಬೇರೆ. ನೃತ್ಯ ಉಳಿಯುವುದು ಎರಡನೆಯದರಿಂದ. ಇನ್ನೊಂದು, ನೃತ್ಯವನ್ನು ಉಳಿಸುವ ಅದೇ ಕಡತ ಪೊಲೀಸರ ಕೈಗೆ ಸಿಕ್ಕರೆ ಕುಣಿದವರ ಮೇಲೆ ಸಾಕ್ಷ್ಯವಾಗುತ್ತದೆ. ಮುಂದಿನ ಪ್ರತಿ ಹೆಜ್ಜೆಯಲ್ಲೂ ಈ ಎರಡನ್ನೂ ಒಟ್ಟಿಗೆ ತೂಗಿ ನೋಡಬೇಕು.

ಸಮಯ ಕಡಿಮೆಯಿದ್ದರೆ ಯಾವುದು ಮೊದಲು

ಎರಡೇ ದಿನ ಸಿಕ್ಕರೆ, ಇರುವ ಹಳೆಯ ವಿಡಿಯೊಗಳನ್ನು ಒಂದುಗೂಡಿಸುವ ಕೆಲಸಕ್ಕೆ ಕೈ ಹಾಕಬೇಡಿ. ಅದು ಎರಡು ವಾರ ನುಂಗುತ್ತದೆ. ಮೊದಲು ಊರು ಬಿಡುವವರನ್ನು ಹಿಡಿಯಿರಿ. ಅವರ ಪಾತ್ರವನ್ನು ತಂಡದಲ್ಲಿ ಉಳಿಯುವ ಒಬ್ಬರಿಗೆ ಕಲಿಸುವುದು, ಕಲಿಸುತ್ತಿರುವುದನ್ನೇ ಚಿತ್ರೀಕರಿಸುವುದು: ಒಂದೇ ಏಟಿಗೆ ಎರಡು ಕೆಲಸ. ಕಲಿಸುವಾಗ ನರ್ತಕರು ಬಾಯಿಬಿಟ್ಟು ಹೇಳುವ ಮಾತು (‘ಅಲ್ಲ, ಕೈಯಿಂದ ತಳ್ಳಬೇಡ, ಸೊಂಟ ಹೋಗಲಿ, ಕೈ ಹಿಂದೆ ಬರುತ್ತೆ’) ಸಂದರ್ಶನದಲ್ಲಿ ಎಂದೂ ಸಿಗುವುದಿಲ್ಲ.

ಒಂದು ವಾರ ಸಿಕ್ಕರೆ ಪೂರ್ತಿ ಕೃತಿಯ ಚಿತ್ರೀಕರಣ ಮತ್ತು ಬರಹ ಪುಸ್ತಕ (ಕೃತಿಯನ್ನು ಸಾಲು ಸಾಲಾಗಿ ಬರೆದಿಡುವ ಪುಸ್ತಕ). ಒಂದು ತಿಂಗಳು ಸಿಕ್ಕರೆ ಹಳೆಯ ಟೇಪು, ಉಡುಪು, ಬೆಳಕಿನ ಕಾಗದ, ಪತ್ರವ್ಯವಹಾರ. ಉಡುಪಿನ ಪೆಟ್ಟಿಗೆ ಹೊತ್ತು ಓಡುವ ಅವಸರದಲ್ಲಿ ಜನರನ್ನು ಮರೆಯುವ ತಂಡಗಳೇ ಹೆಚ್ಚು. ಉಡುಪನ್ನು ಮತ್ತೆ ಹೊಲಿಸಬಹುದು.

ಚಿತ್ರೀಕರಣ: ಚೆಂದದ ವಿಡಿಯೊ ಬೇಡ, ಕಲಿಯಲು ಬರುವ ವಿಡಿಯೊ ಬೇಕು

ಪ್ರದರ್ಶನದ ದಿನದ ವಿಡಿಯೊ ನೋಡಲು ಚೆನ್ನಾಗಿರುತ್ತದೆ, ಕಲಿಯಲು ಬಾರದು. ನೀಲಿ ಮಬ್ಬು ಬೆಳಕಿನಲ್ಲಿ ಕಪ್ಪು ಬಟ್ಟೆಯ ಏಳು ಜನರಲ್ಲಿ ಯಾರ ಕಾಲು ಯಾರದೆಂದು ಹೇಳಲಾಗದು. ಅದಕ್ಕಾಗಿ ಮೂರು ಬಗೆಯ ಓಟ (ಕೃತಿಯನ್ನು ಮೊದಲಿನಿಂದ ಕೊನೆತನಕ ಒಮ್ಮೆ ಆಡುವುದು) ತೆಗೆಯಿರಿ. ಒಂದು, ಸಾದಾ ಬಿಳಿ ಬೆಳಕಿನಲ್ಲಿ, ನೆಲಕ್ಕಿಂತ ಭಿನ್ನ ಬಣ್ಣದ ತಾಲೀಮು ಬಟ್ಟೆಯಲ್ಲಿ, ಪೂರ್ತಿ ಶಕ್ತಿಯಿಂದ. ಎರಡು, ಬೆಳಕು ಉಡುಪು ಸಮೇತ ಪ್ರದರ್ಶನದಂತೆ. ಮೂರು, ಅರ್ಧ ಶಕ್ತಿಯಲ್ಲಿ ಚಲನೆಗಳನ್ನು ಬರಿದೆ ಸೂಚಿಸುತ್ತ, ಮಾಡುತ್ತಿರುವುದನ್ನು ಬಾಯಲ್ಲಿ ಹೇಳುತ್ತ. ಒಂದೇ ಓಟಕ್ಕೆ ಸಮಯವಿದ್ದರೆ ಮೊದಲನೆಯದನ್ನು ಆರಿಸಿ, ಬೆಳಕಿನ ಕಲಾವಿದರು ಮುನಿಸಿಕೊಂಡರೂ ಸರಿ.

ನೆಲದ ಮೇಲೆ ಒಂದೊಂದು ಮೀಟರಿಗೆ ಟೇಪಿನ ಸಣ್ಣ ಗುರುತು ಅಂಟಿಸಿ. ಮುಖ್ಯ ಕ್ಯಾಮೆರಾ ಸಭಾಂಗಣದ ನಡುವೆ, ಸ್ಟ್ಯಾಂಡಿನ ಮೇಲೆ, ಎರಡರಿಂದ ಎರಡೂವರೆ ಮೀಟರ್ ಎತ್ತರದಲ್ಲಿ ತುಸು ಕೆಳಮುಖವಾಗಿರಲಿ. ಕಣ್ಣಿನ ಮಟ್ಟದಲ್ಲಿಟ್ಟರೆ ಮುಂದಿರುವವರು ಹಿಂದಿನವರನ್ನು ಮರೆಮಾಡುತ್ತಾರೆ, ನೆಲದ ಮೇಲಿನ ದಾರಿ ಕಾಣುವುದಿಲ್ಲ. ಇಡೀ ರಂಗ ಚೌಕಟ್ಟಿನೊಳಗೆ ಬರಬೇಕು, ಎರಡೂ ಬದಿಗೆ ಅರ್ಧ ಮೀಟರ್ ಜಾಗ ಬಿಟ್ಟು. ಯಾರನ್ನೂ ಹಿಂಬಾಲಿಸಬೇಡಿ, ಜೂಮ್ ಮಾಡಬೇಡಿ. ಫೋನಿನ ಅತಿ ಅಗಲದ ಲೆನ್ಸ್ ಅಂಚಿನವರನ್ನು ಎಳೆದು ತಿರುಚುತ್ತದೆ. ಅದರ ಬದಲು ಸಾಮಾನ್ಯ ಲೆನ್ಸಿನಲ್ಲಿ ಹಿಂದಕ್ಕೆ ಸರಿದು ನಿಲ್ಲಿ.

ಎರಡನೇ ಕ್ಯಾಮೆರಾವನ್ನು ರಂಗದ ಹಿಂದೆ ಇಡಿ. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಆದರೆ ಮುಂದೆ ಕಲಿಯುವವರಿಗೆ ಅತ್ಯುಪಯುಕ್ತವಾಗುವುದು ಬೆನ್ನ ಕಡೆಯ ನೋಟವೇ, ಏಕೆಂದರೆ ಅಲ್ಲಿ ಎಡಬಲ ತಿರುಗುಮುರುಗಾಗುವುದಿಲ್ಲ. ಮೂರನೆಯದೊಂದು ಇದ್ದರೆ ಒಂದೊಂದು ಓಟಕ್ಕೆ ಒಬ್ಬೊಬ್ಬರನ್ನು ಹಿಡಿಯಲಿ.

ಫೋಕಸ್, ಬೆಳಕಿನ ಪ್ರಮಾಣ, ಬಣ್ಣದ ಸಮತೋಲ ಮೂರನ್ನೂ ಕೈಯಿಂದ ಹೊಂದಿಸಿ ಲಾಕ್ ಮಾಡಿ. ಸ್ವಯಂಚಾಲಿತಕ್ಕೆ ಬಿಟ್ಟರೆ ಬೆಳಕು ಇಳಿದಾಗ ಕ್ಯಾಮೆರಾ ತಾನಾಗಿ ಏರಿಸಿಕೊಂಡು ಮುಖಗಳನ್ನು ಬಿಳಿ ಹಾಳೆ ಮಾಡುತ್ತದೆ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ಚಲನೆ ಬಿರುಸಾಗಿದ್ದರೆ 50 ಫ್ರೇಮ್, 1/100. ಫೋನಿನ 30 ಫ್ರೇಮಿನಲ್ಲಿ ತೆಗೆದಾಗ ಎಲ್‌ಇಡಿ ದೀಪದಡಿ ಪಟ್ಟಿಪಟ್ಟಿ ಓಡುವುದು ಬಹುಪಾಲು ಈ ಹೊಂದಾಣಿಕೆ ತಪ್ಪಿದ್ದರಿಂದ. ಫೋನಾದರೆ ಏರ್‌ಪ್ಲೇನ್ ಮೋಡಿಗೆ ಹಾಕಿ; ಕರೆ ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು. ಸೆಲ್ಫಿ ಕ್ಯಾಮೆರಾ ಬೇಡವೇ ಬೇಡ: ಕನ್ನಡಿಯಂತೆ ತಿರುಗಿಸಿ ಉಳಿಸುವ ಫೋನುಗಳಿವೆ, ಆ ವಿಡಿಯೊದಿಂದ ಕಲಿತವರು ಇಡೀ ಕೃತಿಯನ್ನು ಎಡಬಲ ಅದಲುಬದಲಾಗಿ ಕುಣಿಯುತ್ತಾರೆ. ರೆಕಾರ್ಡಿಂಗ್ ಶುರುವಾದೊಡನೆ ಒಬ್ಬರು ಬಲಗೈ ಎತ್ತಿ ‘ಬಲ’ ಎನ್ನಲಿ, ಆಮೇಲೆ ಒಂದು ಚಪ್ಪಾಳೆ ಹೊಡೆಯಲಿ. ಕೈ ಎತ್ತಿದ್ದು ಎಡಬಲಕ್ಕೆ ಸಾಕ್ಷಿ. ಚಪ್ಪಾಳೆಯಿಂದ ಮೂರೂ ಕ್ಯಾಮೆರಾಗಳ ಧ್ವನಿಯನ್ನು ಹೊಂದಿಸಬಹುದು.

ಜಾಗದ ಲೆಕ್ಕ: ಸೆಕೆಂಡಿಗೆ 50 ಮೆಗಾಬಿಟ್ ದರದಲ್ಲಿ ತೆಗೆದ ಒಂದು ಗಂಟೆಯ ವಿಡಿಯೊ 22.5 ಜಿಬಿ. ಗಂಟೆಯ ಕೃತಿಗೆ ಮೂರು ಓಟ, ಎರಡು ಕ್ಯಾಮೆರಾ ಎಂದರೆ 135 ಜಿಬಿ. ಒಂದು ಕೃತಿಯ ಪೆಟ್ಟಿಗೆಗೆ, ಅಂದರೆ ಅದರ ಎಲ್ಲ ಕಡತಗಳ ಸಂಗ್ರಹಕ್ಕೆ, 256 ಜಿಬಿ ಸಾಕಾಗುತ್ತದೆ.

ಬರಹ ಪುಸ್ತಕ

ಉದ್ದನೆಯ ಗೆರೆ ಪುಸ್ತಕ, ಬಾಲ್‌ಪೆನ್. ರಂಗವನ್ನು ಒಂಬತ್ತು ಚೌಕವಾಗಿ ಭಾಗಿಸಿ: ಹಿಂಭಾಗದಲ್ಲಿ ಕುಣಿಯುವವರ ಬಲದಿಂದ ಎಡಕ್ಕೆ 1, 2, 3, ನಡುವೆ 4, 5, 6, ಮುಂಭಾಗದಲ್ಲಿ 7, 8, 9. ಪ್ರೇಕ್ಷಕರ ಎಡಬಲವನ್ನು ಎಲ್ಲಿಯೂ ಬಳಸಬೇಡಿ, ಎರಡು ಪದ್ಧತಿ ಬೆರೆತರೆ ಪುಸ್ತಕ ಕೈಬಿಟ್ಟಂತೆಯೇ. ಪ್ರತಿ ಪುಟದಲ್ಲಿ ಈ ಕಾಲಂಗಳಿರಲಿ: ವೇಳೆ, ಯಾರು, ಎಲ್ಲಿಂದ ಎಲ್ಲಿಗೆ, ಯಾವ ಸೂಚನೆಗೆ, ಏನು, ಭಾರ ಎಲ್ಲಿ, ಬದಲಾಗಬಾರದ್ದು, ಬದಲಾಗಬಹುದಾದ್ದು. ಒಂದು ಸಾಲು ಹೀಗಿರುತ್ತದೆ (ನ2, ನ5 ಎಂದರೆ ನರ್ತಕರ ಸಂಕೇತ):

‘4:10. ನ2. 3ರಿಂದ 5ಕ್ಕೆ. ಸೂಚನೆ: ನ5 ಉಸಿರು ಬಿಟ್ಟ ಸದ್ದು (ಸಂಗೀತಕ್ಕೆ ಅಲ್ಲ). ಬಲ ಭುಜ ಮೊದಲು ಬೀಳುತ್ತದೆ, ತಲೆ ಕೊನೆಗೆ. ಭಾರ ಪೂರ್ತಿ ನ5ರ ಸೊಂಟದ ಮೇಲೆ, ಕಾಲಿನ ಮೇಲೆ ಏನೂ ಇಲ್ಲ. ಬದಲಾಗಬಾರದು: ಉಸಿರು ಮತ್ತು ಬೀಳುವುದರ ನಡುವೆ ಬಿಡುವಿಲ್ಲ. ಬದಲಾಗಬಹುದು: ಎಡಗೈ ಎಲ್ಲಿದ್ದರೂ ಸರಿ.’

ಕೊನೆಯ ಎರಡು ಕಾಲಂಗಳೇ ಪುಸ್ತಕದ ಜೀವ. ವಿಡಿಯೊದಲ್ಲಿ ಎಡಗೈ ಮೇಲಿತ್ತು ಎಂಬುದು ಕಾಣುತ್ತದೆ. ಅದು ಸಂಯೋಜನೆಯೋ, ಆ ದಿನ ಭುಜ ನೋಯುತ್ತಿತ್ತೋ ಎಂಬುದು ಕಾಣುವುದಿಲ್ಲ. ಇದನ್ನು ಬರೆಯದೆ ಹೋದರೆ ಹತ್ತು ವರ್ಷದ ನಂತರ ಕಲಿಯುವವರು ನೋವನ್ನೂ ಶ್ರದ್ಧೆಯಿಂದ ನಕಲು ಮಾಡುತ್ತಾರೆ. ಸೂಚನೆಯ ಕಾಲಂ ಕೂಡ ಹಾಗೆಯೇ. ಸಮಕಾಲೀನ ಕೃತಿಗಳಲ್ಲಿ ತಾಳದ ಎಣಿಕೆ ಇಲ್ಲದ ಭಾಗಗಳು ಹೆಚ್ಚು. ಒಬ್ಬರ ಉಸಿರು, ಇನ್ನೊಬ್ಬರ ಹಿಮ್ಮಡಿಯ ಸದ್ದು, ಬದಿಯ ದೀಪ ಆರಿದ್ದು ಇವೇ ಮುಂದಿನವರನ್ನು ಹೊರಡಿಸುತ್ತವೆ. ಯಾರಿಂದ ಯಾರಿಗೆ ಸೂಚನೆ ಹೋಗುತ್ತದೆಂಬ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬಾಣದ ಗುರುತು ಹಾಕಿ ಬರೆಯಿರಿ.

ಆಶುವಾಗಿ ಕುಣಿಯುವ ಭಾಗಗಳಿದ್ದರೆ ಚಲನೆಯನ್ನು ಬರೆದು ಉಪಯೋಗವಿಲ್ಲ, ನಿಯಮವನ್ನು ಬರೆಯಬೇಕು: ಎಷ್ಟು ಜನ, ಏನು ಮಾಡುವಂತಿಲ್ಲ, ಯಾವಾಗ ನಿಲ್ಲಬೇಕು, ನಿಯಮ ಮುರಿದರೆ ಏನು. ಜೊತೆಗೆ ಮೂರು ಬೇರೆ ಬೇರೆ ಓಟಗಳ ವಿಡಿಯೊ ಇಡಿ. ಒಂದೇ ಇಟ್ಟರೆ ಅದೇ ಸಿದ್ಧ ಸಂಯೋಜನೆ ಎಂದು ಮುಂದಿನವರು ಭಾವಿಸುತ್ತಾರೆ. ಎರಡಿಟ್ಟರೆ ಯಾವುದು ಸರಿ ಎಂದು ಜಗಳವಾಡುತ್ತಾರೆ.

ಲಾಬಾನ್ ಲಿಪಿಯ ಬಗ್ಗೆ ಒಂದು ಮಾತು. 1928ರಲ್ಲಿ ಪ್ರಕಟವಾದ ಈ ಪದ್ಧತಿಯಲ್ಲಿ ಗೆರೆಗಳು ಲಂಬವಾಗಿದ್ದು, ಕೆಳಗಿನಿಂದ ಮೇಲಕ್ಕೆ ಓದಬೇಕು. ನಡುಗೆರೆಯ ಬಲಕ್ಕೆ ದೇಹದ ಬಲಭಾಗ, ಎಡಕ್ಕೆ ಎಡಭಾಗ. ಚಿಹ್ನೆ ಎಷ್ಟು ಉದ್ದವೋ ಚಲನೆ ಅಷ್ಟು ಹೊತ್ತು. ತುಂಬ ನಿಖರ, ಆದರೆ ತರಬೇತಿ ಪಡೆದವರೇ ಬರೆಯಬೇಕು, ನಿಧಾನದ ಕೆಲಸ. ಬಿಕ್ಕಟ್ಟಿನ ನಡುವೆ ಕಲಿಯಲು ಹೊರಡಬೇಡಿ. ಬರಹ ಪುಸ್ತಕ ಮತ್ತು ಬಿಳಿ ಬೆಳಕಿನ ವಿಡಿಯೊ ಭದ್ರವಾಗಿದ್ದರೆ ಲಿಪಿಕಾರರು ಮುಂದೆ ಅದರಿಂದಲೇ ಬರೆಯಬಲ್ಲರು.

ಭಾರತದಲ್ಲಿ ಕಾಗದದ ಬರಹಕ್ಕೆ ಇನ್ನೊಂದು ಬೆಲೆಯೂ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ನೃತ್ಯ ಸಂಯೋಜನೆಯನ್ನು ‘ನಾಟಕ ಕೃತಿ’ಯ ಅಡಿ ಸೇರಿಸುತ್ತದೆ, ಆದರೆ ಅದು ಬರಹದಲ್ಲೋ ಬೇರೆ ರೀತಿಯಲ್ಲೋ ಸ್ಥಿರಗೊಂಡಿರಬೇಕು ಎನ್ನುತ್ತದೆ, ಚಲನಚಿತ್ರವನ್ನು ಆ ವ್ಯಾಖ್ಯಾನದಿಂದ ಹೊರಗಿಡುತ್ತದೆ. ಬರಿಯ ವಿಡಿಯೊ ನೆಚ್ಚಿ ಕೂತರೆ ವಾದ ಕ್ಲಿಷ್ಟವಾಗುತ್ತದೆ; ತಾರೀಖು, ಸಹಿ ಇರುವ ಬರಹ ಪುಸ್ತಕ ನೆಟ್ಟಗಿನ ಆಧಾರ.

ಕುಣಿದವರ ಬಾಯಿಂದ

ಕುಳ್ಳಿರಿಸಿ ಪ್ರಶ್ನೆ ಕೇಳಿದರೆ ನರ್ತಕರು ಕೃತಿಯ ‘ಅರ್ಥ’ ಹೇಳುತ್ತಾರೆ, ಅದು ಪತ್ರಿಕೆಯಲ್ಲಿ ಆಗಲೇ ಬಂದಿರುತ್ತದೆ. ಎದ್ದು ನಿಂತು, ಸಂಗೀತ ಹಾಕಿ, ಮಾಡುತ್ತ ಹೇಳಲಿ. ಜೋಡಿಯಾಗಿ ಕುಣಿದವರನ್ನು ಜೋಡಿಯಾಗಿಯೇ ಕರೆಯಿರಿ: ಎತ್ತುವ ಭಾಗದ ನೆನಪು ಒಬ್ಬರ ತಲೆಯಲ್ಲಿ ಇರುವುದಿಲ್ಲ, ಇಬ್ಬರ ಹಿಡಿತದಲ್ಲಿರುತ್ತದೆ. ಒಂದು ಸಲಕ್ಕೆ ತೊಂಬತ್ತು ನಿಮಿಷ ಮೀರಬಾರದು.

ಕೇಳಬೇಕಾದ್ದು: ಇಲ್ಲಿ ಭಾರ ಯಾವ ಕಾಲ ಮೇಲೆ? ಕಣ್ಣು ಎಲ್ಲಿ ನೋಡುತ್ತದೆ? ಇದರ ಹಿಂದಿನ ಕ್ಷಣ ಏನನ್ನು ಕಾಯುತ್ತೀರಿ? ಯಾವ ಜಾಗದಲ್ಲಿ ಯಾವಾಗಲೂ ತಪ್ಪುತ್ತಿತ್ತು, ಏಕೆ? ನೆಲ ಮರದ್ದೋ ಸಿಮೆಂಟಿನದೋ, ಬರಿಗಾಲೋ ಸಾಕ್ಸೋ? ಸಂಯೋಜಕರು ತಾಲೀಮಿನಲ್ಲಿ ಪದೇ ಪದೇ ಬಳಸುತ್ತಿದ್ದ ಮಾತು ಯಾವುದು? ಪ್ರತಿ ತಂಡಕ್ಕೂ ತನ್ನದೇ ಅಡ್ಡಹೆಸರುಗಳಿರುತ್ತವೆ. ‘ಬಟ್ಟೆ ಹಿಂಡೋದು’, ‘ಮೂರನೇ ಗೋಡೆ’ ಎಂದೆಲ್ಲ ಹೇಳಿಕೊಳ್ಳುವುದು ತಂಡದವರಿಗೆ ಮಾತ್ರ ಗೊತ್ತು, ಅವುಗಳ ಪಟ್ಟಿ ಮಾಡಿ. ಕನ್ನಡ, ತೆಲುಗು, ಇಂಗ್ಲಿಷ್ ಬೆರೆಸಿ ಮಾತಾಡಿದರೆ ಹಾಗೆಯೇ ಬಿಡಿ, ತಿದ್ದಿ ಬರೆಯಬೇಡಿ.

ಇಬ್ಬರ ನೆನಪು ಭಿನ್ನವಾದರೆ ಎರಡನ್ನೂ ಬರೆದು ಯಾರ ನೆನಪೆಂದು ಗುರುತಿಡಿ. ಅಲ್ಲಿಯೇ ರಾಜಿ ಮಾಡಿಸುವ ಉತ್ಸಾಹ ಬೇಡ. ಜೋರು ದನಿಯವರು ಗೆಲ್ಲುತ್ತಾರೆ, ಅಷ್ಟೆ. ಮೊದಲು ಕುಣಿದವರದ್ದೂ ನಂತರ ಆ ಪಾತ್ರಕ್ಕೆ ಬಂದವರದ್ದೂ ಬೇರೆ ಬೇರೆ ರೂಪಗಳಾಗಿದ್ದರೆ ಎರಡೂ ಕೃತಿಯ ಚರಿತ್ರೆಯೇ.

ರಾಜಕೀಯ ಅಭಿಪ್ರಾಯ, ಮೆರವಣಿಗೆಯಲ್ಲಿ ಯಾರು ಜೊತೆಗಿದ್ದರು, ಯಾರು ಹಣ ಕೊಟ್ಟರು ಎಂಬುದನ್ನು ಈ ಧ್ವನಿಮುದ್ರಣದಲ್ಲಿ ಕೇಳಬೇಡಿ. ತಾವಾಗಿ ಹೇಳತೊಡಗಿದರೆ ರೆಕಾರ್ಡರ್ ನಿಲ್ಲಿಸಿ. ಬಂಧನ, ಹಲ್ಲೆ ಕಂಡವರು ನಡುವೆ ಕುಸಿದರೆ ಅಂದಿಗೆ ಮುಗಿಸಿ. ಅದೇ ಭಾಗವನ್ನು ಮತ್ತೆ ಮಾಡಿಸಬೇಡಿ.

ದೇಹದ ನೆನಪಿನ ಮೇಲೆ ಎಷ್ಟು ಭರವಸೆ ಇಡಬಹುದು? ಕಾಂಬೋಡಿಯಾದಲ್ಲಿ 1975ರಿಂದ 1979ರ ಖಮೇರ್ ರೂಜ್ ಆಡಳಿತದಲ್ಲಿ ಕಲಾವಿದರಲ್ಲಿ ಬಹುಪಾಲು ಮಂದಿ ಸತ್ತರು. ಅರಮನೆಯ ಶಾಸ್ತ್ರೀಯ ನೃತ್ಯವನ್ನು ಬದುಕುಳಿದ ಕೆಲವೇ ಗುರುಗಳು ತಮ್ಮ ನೆನಪು ಕೂಡಿಸಿ ಮತ್ತೆ ಕಟ್ಟಿದರು. ಆದರೆ ಆ ನೃತ್ಯಕ್ಕೆ ತಲೆಮಾರುಗಳಿಂದ ಬಂದ ಹಂಚಿಕೊಂಡ ಮುದ್ರೆಗಳ ಭಾಷೆಯಿತ್ತು. ಸಮಕಾಲೀನ ನೃತ್ಯದಲ್ಲಿ ಪ್ರತಿ ಕೃತಿಯೂ ತನ್ನದೇ ವ್ಯಾಕರಣ ಕಟ್ಟಿಕೊಳ್ಳುವುದರಿಂದ ಇಬ್ಬರು ಮರೆತರೆ ತುಂಬಿಕೊಡುವ ಮೂರನೆಯವರು ಇರುವುದಿಲ್ಲ. ಚೆನ್ನೈನ ನೃತ್ಯ ಸಂಯೋಜಕಿ ಚಂದ್ರಲೇಖಾ 2006ರಲ್ಲಿ ತೀರಿಕೊಂಡ ನಂತರವೂ ಅವರ ಕೃತಿ ‘ಶರೀರ’ ರಂಗದ ಮೇಲೆ ಉಳಿದದ್ದು ಅವರ ಬಳಿ ವರ್ಷಗಟ್ಟಲೆ ಅದನ್ನೇ ಕುಣಿದವರಿಂದ. ಆ ಭಾಗ್ಯ ಎಲ್ಲ ಕೃತಿಗೂ ಇರದು.

ಬೆಳಕು, ಧ್ವನಿ, ಉಡುಪು

ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಅವರ ತಂಡ 2011ರ ಕೊನೆಗೆ ಮುಚ್ಚುವ ಮುನ್ನ ಒಂದೊಂದು ಕೃತಿಗೂ ವಿಡಿಯೊ, ಧ್ವನಿ, ಬೆಳಕಿನ ನಕ್ಷೆ, ಉಡುಪಿನ ವಿವರ, ಟಿಪ್ಪಣಿ ಎಲ್ಲ ಸೇರಿಸಿದ ಡಿಜಿಟಲ್ ಪೆಟ್ಟಿಗೆ ಮಾಡಿಟ್ಟಿತು. ಒಂದು ಕೃತಿಗೆ ಒಂದು ಪೆಟ್ಟಿಗೆ ಎಂಬ ಆ ಲೆಕ್ಕ ನಮಗೂ ಸರಿ.

ಬೆಳಕಿನ ಡೆಸ್ಕಿನ ಕಡತ ಬಹುಪಾಲು ಅದೇ ಕಂಪನಿಯ ಡೆಸ್ಕಿನಲ್ಲಿ ಮಾತ್ರ ಸರಿಯಾಗಿ ತೆರೆಯುತ್ತದೆ. ಸೂಚನೆಗಳ ಪಟ್ಟಿಯನ್ನು ಕಾಗದದಲ್ಲೂ ತೆಗೆಯಿರಿ, ದೀಪದ ಮುಂದೆ ಹಾಕುವ ಬಣ್ಣದ ಜೆಲ್ ಹಾಳೆಯ ಕಂಪನಿ ಮತ್ತು ಸಂಖ್ಯೆ ಸಮೇತ. ‘ನೀಲಿ’ ಎಂದು ಬರೆದರೆ ಸಾಲದು, ‘ಲೀ 201’ ಎನ್ನಬೇಕು. ಧ್ವನಿ 48 ಕಿಲೊಹರ್ಟ್ಸ್, 24 ಬಿಟ್ ವೇವ್ ಕಡತವಾಗಿರಲಿ. ಗಂಟೆಗೆ ಸುಮಾರು 1 ಜಿಬಿ. ಉಡುಪಿನಿಂದ 5 ಸೆಂಟಿಮೀಟರಿನ ಚೂರನ್ನು ಒಳಹೊಲಿಗೆಯಿಂದ ಕತ್ತರಿಸಿ ಕಾರ್ಡಿಗೆ ಅಂಟಿಸಿ, ಅಳತೆ ಬರೆದು, ಸ್ಕೇಲ್ ಪಕ್ಕದಲ್ಲಿಟ್ಟು ನಾಲ್ಕೂ ಬದಿಯಿಂದ ಫೋಟೊ ತೆಗೆಯಿರಿ.

ಹಳೆಯ ಮಿನಿ ಡಿವಿ ಟೇಪುಗಳಿದ್ದರೆ ಫೈರ್‌ವೈರ್ ಕೇಬಲ್ ಮೂಲಕ ಇದ್ದಂತೆಯೇ ನಕಲಿಸಿ, ಗಂಟೆಗೆ 13 ಜಿಬಿ ಬೀಳುತ್ತದೆ. ಕರಾವಳಿಯಲ್ಲಿ ಮಳೆಗಾಲ ಕಳೆದ ಟೇಪಿನಲ್ಲಿ ಬೂಷ್ಟು ಸಾಮಾನ್ಯ. ಬಿಳಿ ಪುಡಿ ಕಂಡರೆ ಡೆಕ್ಕಿಗೆ ಹಾಕಬೇಡಿ, ಆ ಡೆಕ್ಕಿನಲ್ಲಿ ಮುಂದೆ ಹಾಕಿದ ಟೇಪುಗಳಿಗೂ ಹತ್ತುತ್ತದೆ.

ಪ್ರದರ್ಶನದ ಸುತ್ತಲಿನ ಕಾಗದಗಳನ್ನೂ ಬಿಸಾಡಬೇಡಿ: ಅನುಮತಿ ಪತ್ರ, ರದ್ದು ಮಾಡಿದ ಆದೇಶ, ಸಭಾಂಗಣದವರ ಇಮೇಲ್, ಕರಪತ್ರ, ಟಿಕೆಟು. ಒಂದು ದೃಶ್ಯ ಹೀಗೇಕೆ ಬದಲಾಯಿತೆಂಬುದಕ್ಕೆ ಉತ್ತರ ಅನೇಕ ಸಲ ಒಂದು ಸಾಲಿನ ಸರ್ಕಾರಿ ಪತ್ರದಲ್ಲಿರುತ್ತದೆ. ಕನ್ನಡದ ಟಿಪ್ಪಣಿಗಳು ಹಳೆಯ ನುಡಿ, ಬರಹ ಫಾಂಟುಗಳಲ್ಲಿದ್ದರೆ ಯೂನಿಕೋಡಿಗೆ ಬದಲಿಸಿ ಪಿಡಿಎಫ್ ಕೂಡ ಮಾಡಿಡಿ. ಬೇರೆ ದೇಶದ ಕಂಪ್ಯೂಟರಿನಲ್ಲಿ ಆ ಹಳೆಯ ಕಡತ ತೆರೆದರೆ ಬರಿಯ ಚಿತ್ತುಗೀಟು.

ಹೆಸರು, ಮುಖ, ಒಪ್ಪಿಗೆ

ಎಲ್ಲಕ್ಕಿಂತ ಎಚ್ಚರ ಬೇಕಾದ ಭಾಗ ಇದು. ಬರಹ ಪುಸ್ತಕದಲ್ಲೂ ಕಡತದ ಹೆಸರಲ್ಲೂ ನರ್ತಕರಿಗೆ ನ1, ನ2 ಎಂಬ ಸಂಕೇತವಿರಲಿ. ಯಾವ ಸಂಕೇತ ಯಾರದೆಂಬ ಒಂದು ಹಾಳೆ ಉಳಿದ ಸಾಮಗ್ರಿಯ ಜೊತೆ ಎಂದಿಗೂ ಇರಕೂಡದು. ಬೇರೆ ಊರಿನಲ್ಲಿ, ಬೇರೆ ಕೈಯಲ್ಲಿ.

ಒಪ್ಪಿಗೆ ಪತ್ರ ಒಂದೇ ಪುಟ, ಮೂರೇ ಪ್ರಶ್ನೆ. ಈ ವಿಡಿಯೊವನ್ನು ತಂಡದ ಹೊರಗಿನವರು ನೋಡಬಹುದೇ? ನೋಡಬಹುದಾದರೆ ಈಗಲೋ, ಇಂಥ ವರ್ಷದ ನಂತರವೋ? ನಿಮ್ಮ ಹೆಸರು ಹಾಕಬಹುದೇ? ಒಪ್ಪಿಗೆ ಒಮ್ಮೆ ಕೊಟ್ಟರೆ ಮುಗಿಯಿತೆಂದಲ್ಲ. ಪರಿಸ್ಥಿತಿ ಬದಲಾದಾಗಲೆಲ್ಲ ಮತ್ತೆ ಕೇಳಬೇಕು. ವಿದೇಶದಲ್ಲಿ ಸುರಕ್ಷಿತವಾಗಿರುವವರು ‘ಹಾಕಿಬಿಡಿ’ ಎನ್ನುವುದು ಸುಲಭ. ತೊಂದರೆ ಊರಲ್ಲೇ ಉಳಿದವರಿಗೆ. ಆದ್ದರಿಂದ ಗುಂಪಿನ ವಿಡಿಯೊ ಹೊರಬಿಡಲು ಬಹುಮತ ಸಾಲದು, ಪ್ರತಿಯೊಬ್ಬರೂ ಒಪ್ಪಬೇಕು. ಒಬ್ಬರು ಬೇಡವೆಂದರೆ ಅವರ ಪಾತ್ರವನ್ನು ಬೇರೊಬ್ಬರಿಗೆ ಕಲಿಸಿ ಮರುಚಿತ್ರೀಕರಿಸಿ. ಕೃತಿ ಉಳಿಯುತ್ತದೆ, ಅವರು ಅದರಲ್ಲಿ ಇರುವುದಿಲ್ಲ.

ಮುಖ ಮರೆಸುವಾಗ ಚೌಕುಳಿ ಮಸುಕು ನಂಬಬೇಡಿ, ಚಲಿಸುವ ಚಿತ್ರದ ಅನೇಕ ಫ್ರೇಮುಗಳಿಂದ ಅದರ ಹಿಂದಿನದನ್ನು ಊಹಿಸಲು ಸಾಧ್ಯ. ಗಟ್ಟಿ ಕಪ್ಪು ಬಣ್ಣ ಬಳಿಯಿರಿ. ಹಚ್ಚೆ, ಬಳೆ, ಗೋಡೆಯ ಮೇಲಿನ ಫಲಕ, ಮುಂದಿನ ಸಾಲಿನ ಪ್ರೇಕ್ಷಕರ ಮುಖ ಇವನ್ನು ಮರೆಯುವವರೇ ಹೆಚ್ಚು. ಆದರೆ ನರ್ತಕರ ವಿಷಯದಲ್ಲಿ ಮುಖ ಮುಚ್ಚಿದರೂ ನಡಿಗೆ ಗುರುತು ಹೇಳುತ್ತದೆ, ಬಲ್ಲವರಿಗೆ ಹಿಂದಿನಿಂದ ಕಂಡರೂ ಸಾಕು. ಅನುಮಾನವಿದ್ದರೆ ಹೊರಬಿಡಲೇಬೇಡಿ. ಫೋಟೊ, ವಿಡಿಯೊಗಳ ಒಳಗಡೆ ಸ್ಥಳದ ಅಕ್ಷಾಂಶ ರೇಖಾಂಶ ಕೂತಿರುತ್ತದೆ. ಹೊರಗೆ ಕೊಡುವ ಪ್ರತಿಯಿಂದ ಅಳಿಸಿ, ಮೂಲ ಪ್ರತಿಯನ್ನು ಮುಟ್ಟಬೇಡಿ.

ಪ್ರತಿಗಳು: ಎಷ್ಟು, ಎಲ್ಲಿ, ಯಾರ ಬಳಿ

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಲ್ಲಿ ಎಂಬುದು ದಾಖಲೆಗಾರರ ಹಳೆಯ ನಿಯಮ. ಬಿಕ್ಕಟ್ಟಿನಲ್ಲಿ ‘ಬೇರೆ ಊರು’ ಸಾಲದು, ಇಲ್ಲಿನ ಸರ್ಕಾರದ ಕೈಗೆಟಕದ, ಬೇರೆ ಸರ್ಕಾರದ ಆಡಳಿತವಿರುವ ಜಾಗವಾಗಬೇಕು.

ಕಡತದ ಹೆಸರು ಇಂಗ್ಲಿಷ್ ಅಕ್ಷರ ಮತ್ತು ಅಂಕಿಯಲ್ಲಿ, ನಡುವೆ ಖಾಲಿ ಜಾಗವಿಲ್ಲದೆ, ವರ್ಷ-ತಿಂಗಳು-ದಿನ ಮೊದಲು. ಎಲ್ಲ ಕಡತಕ್ಕೂ ಎಸ್‌ಎಚ್‌ಎ-256 ಮೊಹರು (ಕಡತದಿಂದ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಅಕ್ಷರ-ಅಂಕಿಗಳ ಸಾಲು) ತೆಗೆದು ಪಟ್ಟಿ ಮಾಡಿ. ನಕಲಿಸಿದ ಮೇಲೆ ಮತ್ತೆ ತೆಗೆದು ಹೋಲಿಸಿ, ಒಂದು ಅಕ್ಷರ ಬೇರೆ ಬಂದರೂ ನಕಲು ಕೆಟ್ಟಿದೆ ಅಥವಾ ಯಾರೋ ಕೈ ಹಾಕಿದ್ದಾರೆ. ಡ್ರೈವನ್ನು ಎಕ್ಸ್‌ಫ್ಯಾಟ್ ರೂಪದಲ್ಲಿ ಸಿದ್ಧಮಾಡಿದರೆ ವಿಂಡೋಸ್, ಮ್ಯಾಕ್ ಎರಡರಲ್ಲೂ ತೆರೆಯುತ್ತದೆ. ಅದರೊಳಗೆ ವೆರಾಕ್ರಿಪ್ಟ್ ಎಂಬ ತಂತ್ರಾಂಶದಿಂದ ಗುಪ್ತಪದವಿಲ್ಲದೆ ತೆರೆಯದ ಪೆಟ್ಟಿಗೆ ಮಾಡಿ ಕಡತಗಳನ್ನು ಅಲ್ಲಿಡಿ. ಗುಪ್ತಪದ ಆರು ಸಂಬಂಧವಿಲ್ಲದ ಪದಗಳ ಸರಣಿಯಾಗಿರಲಿ, ಕನಿಷ್ಠ ಇಬ್ಬರಿಗೆ ತಿಳಿದಿರಲಿ. ಒಬ್ಬರೇ ತಿಳಿದವರು ಬಂಧನವಾದರೆ ಅಥವಾ ಮರೆತರೆ ಆ ಪೆಟ್ಟಿಗೆಯನ್ನು ಯಾರೂ ತೆರೆಯಲಾರರು. ಪೊಲೀಸರು ಹಾಳುಮಾಡಿದ್ದಕ್ಕಿಂತ ಇದರಿಂದ ಕಳೆದುಹೋಗುವ ಅಪಾಯವೇ ಹೆಚ್ಚು ಎಂದರೂ ಸಲ್ಲುತ್ತದೆ.

ಕಪಾಟಿನಲ್ಲಿ ವರ್ಷಗಟ್ಟಲೆ ಇಡುವ ಪ್ರತಿಗೆ ಎಸ್‌ಎಸ್‌ಡಿ ಬೇಡ, ಕರೆಂಟಿಲ್ಲದೆ ಬಿಟ್ಟರೆ ಅದರಲ್ಲಿನ ದತ್ತಾಂಶ ಕ್ರಮೇಣ ಸೋರಬಹುದು. ಸಾಮಾನ್ಯ ಹಾರ್ಡ್ ಡಿಸ್ಕ್ ಕೊಂಡು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ, ಆರು ತಿಂಗಳಿಗೊಮ್ಮೆ ಜೋಡಿಸಿ ಮೊಹರು ಪರೀಕ್ಷಿಸಿ.

ಇಂಟರ್ನೆಟ್ ಇರುವಾಗಲೇ ಕಳಿಸಿಬಿಡಿ. ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡಿನಲ್ಲಿ 22.5 ಜಿಬಿ ಹೋಗಲು ಐದು ಗಂಟೆ ಬೇಕು. ಕಾಶ್ಮೀರದಲ್ಲಿ 2019ರ ಆಗಸ್ಟಿನಲ್ಲಿ ನಿಂತ 4ಜಿ ಪೂರ್ತಿಯಾಗಿ ಮರಳಿದ್ದು 2021ರ ಫೆಬ್ರವರಿಯಲ್ಲಿ. 2ಜಿಯಲ್ಲಿ ಈ ಕೆಲಸ ಆಗುವ ಮಾತಲ್ಲ. ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಎಂದೇ ಕಳಿಸಿದರೆ ಕುಗ್ಗಿಸಿ ಹಾಳುಮಾಡುತ್ತದೆ. ತೀರಾ ಅನಿವಾರ್ಯವಾದರೆ ಡಾಕ್ಯುಮೆಂಟ್ ಎಂದು ಕಳಿಸಿ, 2 ಜಿಬಿವರೆಗೆ ಹೋಗುತ್ತದೆ. ಕ್ಲೌಡ್ ಖಾತೆ ಒಬ್ಬರ ಮೊಬೈಲಿನ ಓಟಿಪಿಗೆ ಮಾತ್ರ ಕಟ್ಟಿಕೊಂಡಿದ್ದರೆ ಆ ಸಿಮ್ ನಿಂತ ದಿನ ಇಡೀ ಸಂಗ್ರಹಕ್ಕೆ ಬೀಗ. ಮರುಪ್ರವೇಶದ ಸಂಕೇತಗಳನ್ನು ಮುದ್ರಿಸಿ ಬೇರೆಡೆ ಇಡಿ. ಎರಡು ವರ್ಷ ಮುಟ್ಟದ ಗೂಗಲ್ ಖಾತೆಯನ್ನು ಅಳಿಸುವ ನಿಯಮವಿರುವುದನ್ನೂ ನೆನಪಿಡಿ; ಅಜ್ಞಾತವಾಸದಲ್ಲಿ ಎರಡು ವರ್ಷ ಬೇಗ ಕಳೆಯುತ್ತದೆ.

ವಿದೇಶದ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಒಪ್ಪಿಸುವುದಾದರೆ ಲಿಖಿತವಾಗಿ ಕೇಳಬೇಕಾದ್ದು: ಇಂಥ ವರ್ಷದವರೆಗೆ ಯಾರಿಗೂ ತೋರಿಸುವುದಿಲ್ಲವೇ, ನಾವು ಬೇಡವೆಂದಾಗ ಹಿಂದಕ್ಕೆ ಕೊಡುತ್ತೀರಾ, ಊರಲ್ಲಿ ಉಳಿದ ನರ್ತಕರಿಗೆ ದೂರದಿಂದ ನೋಡಲು ಸಿಗುತ್ತದೆಯೇ. ಇದ್ದ ಒಂದೇ ಪ್ರತಿಯನ್ನು ಮಾತ್ರ ಯಾರಿಗೂ ಕೊಡಬೇಡಿ.

ಪರೀಕ್ಷೆ

ಪೆಟ್ಟಿಗೆ ಸಿದ್ಧವಾಯಿತೇ ಎಂದು ತಿಳಿಯಲು, ಕೃತಿಯನ್ನು ಎಂದೂ ನೋಡದ ಇಬ್ಬರು ನರ್ತಕರಿಗೆ ಮೂರು ನಿಮಿಷದ ಭಾಗ ಕೊಡಿ. ಮೊದಲ ದಿನ ಬರಹ ಪುಸ್ತಕ ಮಾತ್ರ, ಎರಡನೇ ದಿನ ವಿಡಿಯೊ. ತಂಡದವರು ಬಾಯಿ ಬಿಡಕೂಡದು. ಅವರು ಕೇಳುವ ಪ್ರತಿ ಪ್ರಶ್ನೆಯೂ ಪುಸ್ತಕದಲ್ಲಿ ಬಿಟ್ಟುಹೋದ ಒಂದು ಸಾಲು, ಬರೆದು ಸೇರಿಸಿ. ಕೊನೆಗೆ ಮೂಲ ನರ್ತಕರು ವಿಡಿಯೊ ಕರೆಯಲ್ಲಿ ನೋಡಿ, ‘ಇದು ಆ ಕೃತಿ ಅಲ್ಲ’ ಎನ್ನಿಸುವ ಜಾಗಗಳನ್ನು ಗುರುತಿಸಲಿ. ಬಹುತೇಕ ಸಲ ತಪ್ಪಿರುವುದು ಆಕಾರವಲ್ಲ, ವೇಳೆ ಮತ್ತು ಭಾರ. ಆ ಎರಡು ಕಾಲಂಗಳಿಗೆ ಹಿಂದಿರುಗಿ ತಿದ್ದಿ.

ಇನ್ನೊಂದು ಕಾಗದ ಬಾಕಿ ಇದೆ: ಮುಂದೆ ಈ ಕೃತಿಯನ್ನು ಮತ್ತೆ ಕಟ್ಟಲು ಯಾರಿಗೆ ಅಧಿಕಾರ. ಯೋಸ್ ಅವರ ಮಗಳು ಆ್ಯನಾ ಮಾರ್ಕಾರ್ಡ್ ದೀರ್ಘಕಾಲ ‘ಹಸಿರು ಮೇಜು’ವಿನ ಮರುಪ್ರಯೋಗಗಳ ಹೊಣೆ ಹೊತ್ತಿದ್ದರು, ಯಾವ ತಂಡ ಆಡಿದರೂ ಕೇಳಲು ಒಬ್ಬರಿದ್ದರು. ನಿಮ್ಮಲ್ಲಿ ಇಬ್ಬರ ಹೆಸರನ್ನು ಕ್ರಮವಾಗಿ ಬರೆಯಿರಿ, ಒಬ್ಬರು ದೇಶದ ಒಳಗೆ, ಇನ್ನೊಬ್ಬರು ಹೊರಗೆ. ಸಂಖ್ಯೆ ಕಡಿಮೆ ಮಾಡಬಹುದೇ, ಗಂಡಿನ ಪಾತ್ರ ಹೆಣ್ಣು ಕುಣಿಯಬಹುದೇ, ಸಂಗೀತ ಬದಲಿಸಬಹುದೇ, ಸಂಭಾವನೆ ಬಂದರೆ ಮೂಲ ನರ್ತಕರಿಗೆ ಪಾಲೆಷ್ಟು ಎಂಬುದನ್ನು ಸಂಯೋಜಕರು ಇರುವಾಗಲೇ ಬರೆಸಿ ಸಹಿ ಮಾಡಿಸಿ. ಈ ಕಾಗದದಲ್ಲಿ ನಿಜವಾದ ಹೆಸರುಗಳಿರುವುದರಿಂದ ಇದು ಪೆಟ್ಟಿಗೆಯೊಳಗೆ ಬರಕೂಡದು. ಸಂಕೇತದ ಹಾಳೆಯ ಜೊತೆ ಒಂದು ಪ್ರತಿ, ನಂಬಿಕೆಯ ವಕೀಲರ ಬಳಿ ಇನ್ನೊಂದು.